ಉತ್ತರ ಸಿಕ್ಕ ಪ್ರಶ್ನೆಗೆ ನೆರಳಿಲ್ಲ

ಮಳೆವರ್ಷ ತೊಂಬತ್ತೊಂದು ಕಳೆದ ಮೇಲಿನ ಎರಡನೆಯ ಒಣವರ್ಷ, ಬೇಗೆಯ ಕೊನೆಯ ವಾರ. ಬೀದರ, ನೆಲದ ಕೆಳಗೆ. ಬರೆಯುತ್ತಿರುವವಳು ಇಲ್ಲಿನ ವಿದ್ಯಾಲಯದಲ್ಲಿ ನೀರಿನ ಪಾಠ ಹೇಳುವ ಅಧ್ಯಾಪಕಿ. ಹೊರಗೆ ಮಧ್ಯಾಹ್ನ.

ಹಿಂದಿನವರಿಗೆ ನಮಸ್ಕಾರ.

ಮೇಲಿನ ತಾರೀಖು ನಿಮಗೆ ಅರ್ಥವಾಗದಿದ್ದರೆ ಕ್ಷಮಿಸಿ. ಮಳೆ ಬಂದ ವರ್ಷಗಳನ್ನು ಮಾತ್ರ ನಾವು ಎಣಿಸುತ್ತೇವೆ. ಬಾರದ ವರ್ಷಗಳಿಗೆ ಸ್ವಂತ ಅಂಕಿಯಿಲ್ಲ. ಹಿಂದಿನ ಮಳೆವರ್ಷದ ಬೆನ್ನಿಗೆ ಅವು ಒಣವರ್ಷಗಳಾಗಿ ನಿಲ್ಲುತ್ತವೆ. ಆದ್ದರಿಂದ ನಾನು ನಿಮ್ಮಿಂದ ಎಷ್ಟು ದೂರದಲ್ಲಿದ್ದೇನೆಂದು ನಿಮ್ಮ ಲೆಕ್ಕದಲ್ಲಿ ಹೇಳಲಾರೆ. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತೆ. ಇಲ್ಲಿ ಉಳಿದಿರುವ ಪುಸ್ತಕಗಳಲ್ಲಿ ಹೆಚ್ಚಿನವು ನಿಮ್ಮವರು ಬೇರೆ ಭಾಷೆಗಳಿಂದ ಅನುವಾದಿಸಿದ ಕಾದಂಬರಿಗಳು. ಹಿಮ, ರೈಲುನಿಲ್ದಾಣ, ಕಡಲತೀರದ ಹೋಟೆಲು, ಇವನ್ನೆಲ್ಲ ನಾನು ಎರಡು ಭಾಷೆ ದಾಟಿ ಬಲ್ಲೆ. ‘ಬೇಸಿಗೆ ರಜೆ’ ಎಂಬುದನ್ನೂ ಹಾಗೆಯೇ ಬಲ್ಲೆ. ಆ ಎರಡು ಪದಗಳು ಒಂದರ ಪಕ್ಕ ಒಂದು ಹೇಗೆ ಬಂದು ಕುಳಿತವೆಂಬುದು ನನಗೆ ಬಹಳ ಕಾಲ ಹೊಳೆದಿರಲಿಲ್ಲ.

ಆ ರಜೆಯಲ್ಲಿ ನಿಮ್ಮ ಕೆಲವು ಕಾಲೇಜುಗಳಲ್ಲಿ ಒಂದು ಪದ್ಧತಿಯಿತ್ತೆಂದು ಓದಿದ್ದೇನೆ. ಎಲ್ಲರೂ ಊರಿಗೆ ಹೋದ ಮೇಲೆ ಕೆಲವು ವಿದ್ಯಾರ್ಥಿಗಳು ಉಳಿಯುತ್ತಿದ್ದರು. ಒಬ್ಬೊಬ್ಬರನ್ನು ಒಬ್ಬೊಬ್ಬ ಅಧ್ಯಾಪಕರ ಜೊತೆಗೆ ಸೇರಿಸುತ್ತಿದ್ದರು. ಇಬ್ಬರೂ ಒಂದು ಪ್ರಶ್ನೆಯ ಮುಂದೆ ಮಳೆಗಾಲದವರೆಗೆ ಕೂರುತ್ತಿದ್ದರು. ನಿಮ್ಮ ಕಾಲೇಜಿನ ಪೈಕಿ ನಮ್ಮಲ್ಲಿ ಉಳಿದಿರುವುದು ಅದೊಂದೇ. ಪರೀಕ್ಷೆ, ಪದವಿ, ವಾರ್ಷಿಕೋತ್ಸವ ಯಾವುದೂ ಇಲ್ಲ. ಬೇಗೆ ಬಂದಾಗ ಒಬ್ಬ ಗುರು, ಒಬ್ಬ ವಿದ್ಯಾರ್ಥಿ ಕೆಳಗಿಳಿದು ಬರುತ್ತಾರೆ. ಇದಕ್ಕೆ ನಾವು ‘ಬೇಗೆಜೋಡಿ’ ಎನ್ನುತ್ತೇವೆ.

ಕೆಳಗೆ ಎಂದರೆ ಸುರಂಗದೊಳಗೆ. ನಿಮಗಿಂತಲೂ ಎಷ್ಟೋ ಹಿಂದಿನವರು ಇಲ್ಲಿನ ಕೆಂಪುಕಲ್ಲಿನಲ್ಲಿ ನೀರಿಗಾಗಿ ಕೊರೆದ ಸುರಂಗ ನಿಮಗೂ ಗೊತ್ತಿರಬೇಕು. ಅದರ ಪಕ್ಕಕ್ಕೆ ನಾವು ಗೂಡುಗಳನ್ನು ತೋಡಿಕೊಂಡಿದ್ದೇವೆ. ಸುರಂಗದಿಂದ ಮೇಲಿನ ನೆಲದವರೆಗೆ ಅಲ್ಲಲ್ಲಿ ಬಾವಿಯಂಥ ಕಂಡಿಗಳಿವೆ. ಅವುಗಳ ಬಾಯಿಗೆ ಒದ್ದೆ ಗೋಣಿತಟ್ಟು ಕಟ್ಟುತ್ತೇವೆ, ಕನ್ನಡಿ ಇಟ್ಟು ಬೆಳಕನ್ನು ಕೆಳಕ್ಕೆ ತಿರುಗಿಸಿಕೊಳ್ಳುತ್ತೇವೆ. ಆ ಬೆಳಕು ಗೋಡೆಯ ಮೇಲೆ ಸರಿಯುವುದನ್ನು ನೋಡಿ ಹೊತ್ತು ತಿಳಿಯುತ್ತೇವೆ. ಒಲೆ ಹಚ್ಚುವಂತಿಲ್ಲ. ಬೇಗೆಗೆ ಮುಂಚೆಯೇ ಸುಟ್ಟು ಒಣಗಿಸಿಟ್ಟ ಗಟ್ಟಿ ಕಟಕ ಸಜ್ಜೆರೊಟ್ಟಿಯನ್ನು ಹುಣಸೆನೀರಿನಲ್ಲಿ ನೆನೆಸಿ ತಿನ್ನುತ್ತೇವೆ. ಗಟ್ಟಿಯಾಗಿ ಮಾತಾಡಿದರೆ ಕಲ್ಲು ಅದನ್ನು ಬಹಳ ಹೊತ್ತು ಇಟ್ಟುಕೊಳ್ಳುತ್ತದೆ. ಹಾಗಾಗಿ ಇಲ್ಲಿ ಬೆಳೆದವರ ದನಿ ತಗ್ಗಿರುತ್ತದೆ. ಮೇಲಿನವರು ಅದನ್ನು ಜಂಬ ಎಂದುಕೊಳ್ಳುತ್ತಾರೆ.

ಮೇಲಿನವರೇ ಹೆಚ್ಚು. ಎಲ್ಲರಿಗೂ ಸಾಲುವಷ್ಟು ತಂಪು ಕೆಳಗಿಲ್ಲ. ಬೇಗೆಯಲ್ಲಿ ಕೆಳಗಿರುವ ಹಕ್ಕಿಗೆ ‘ನೆರಳುಪಾಲು’ ಎನ್ನುತ್ತೇವೆ. ಅದು ಬಾಣಂತಿಯರಿಗೆ, ಬೀಜ ಕಾಯುವವರಿಗೆ, ಮತ್ತು ಬೇಗೆಜೋಡಿಗಳಿಗೆ. ಉಳಿದ ಯುವಕ ಯುವತಿಯರು ಕನ್ನಡಿಹೊಲಕ್ಕೆ ಹೋಗುತ್ತಾರೆ. ಬಿಸಿಲನ್ನು ಹಿಡಿದು ವಿದ್ಯುತ್ತು ಮಾಡುವ ಹಲಗೆಗಳ ಬಯಲು ಅದು. ಅದರ ಧೂಳನ್ನು ಕೈಯಿಂದ ಒರೆಸಬೇಕು. ಬೇಗೆ ಮುಗಿದಾಗ ಅಲ್ಲಿಂದ ಎಲ್ಲರೂ ಹಿಂತಿರುಗುವುದಿಲ್ಲ. ಇದನ್ನು ಇದಕ್ಕಿಂತ ವಿವರವಾಗಿ ಬರೆಯಲು ನನಗೆ ಮನಸ್ಸಿಲ್ಲ.

ಜೋಡಿಗಳಿಗೆ ನೆರಳುಪಾಲು ಕೊಟ್ಟ ನಿಯಮದಲ್ಲಿ ಒಂದು ಮಾತಿದೆ: ‘ಅಧ್ಯಯನ ಮುಗಿಯುವ ತನಕ’. ಬರೆದವರು ಯಾರೋ, ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಕೆಲಸದ ನಡುವೆ ಯಾರನ್ನೂ ಮೇಲಕ್ಕೆ ಅಟ್ಟಬಾರದೆಂಬುದು ಅವರ ಉದ್ದೇಶ. ಆದರೆ ಮಾತು ತನ್ನ ಇನ್ನೊಂದು ಮೈಯನ್ನೂ ತೋರಿಸಿತು. ಉತ್ತರ ಸಿಕ್ಕರೆ ಅಧ್ಯಯನ ಮುಗಿಯಿತು. ಮುಗಿದರೆ ಆ ಪ್ರಶ್ನೆಯ ಕೆಳಗಿರುವ ಜೋಡಿಗಳೆಲ್ಲ ನೆರಳು ಬಿಡಬೇಕು. ಹೊಸ ಪ್ರಶ್ನೆ ಒಪ್ಪಿಗೆಯಾಗಲು ಮಳೆ ಬರಬೇಕು, ಹಿರಿಯರ ಸಭೆ ಸೇರಬೇಕು; ಅದು ಎಷ್ಟು ಒಣವರ್ಷಗಳ ಆಚೆಗೋ ಯಾರೂ ಹೇಳಲಾರರು. ಹೀಗಾಗಿ ನಮ್ಮ ವಿದ್ಯಾಲಯ ಪ್ರಶ್ನೆಗಳನ್ನು ಜೋಪಾನ ಮಾಡುವುದನ್ನು ಕಲಿಯಿತು. ತಪ್ಪು ಅಳತೆಯನ್ನು ಯಾರೂ ಬೇಕೆಂದು ಹೇಳಿಕೊಡಲಿಲ್ಲ. ಸರಿಯಾದ ಜಾಗಕ್ಕೆ ಹೋಗಲು ಯಾರೂ ಅವಸರ ಮಾಡಲಿಲ್ಲ, ಅಷ್ಟೆ. ಕೇರಿಗಳಲ್ಲಿ ಜಗಳವಾದರೆ ಈಗ ಎಲ್ಲಕ್ಕಿಂತ ಕೆಟ್ಟ ಬೈಗುಳ ‘ನಿಮ್ಮಪ್ಪ ಪ್ರಶ್ನಿ ಮುಚ್ಚಿದಂವ’ ಎಂಬುದು. ಸಜ್ಜೆಯ ಕಾಡಿಗೆರೋಗಕ್ಕೆ ಕಾರಣ ಕಂಡುಹಿಡಿದವನ ಮನೆತನ ಊರು ಬಿಟ್ಟು ಹೋಯಿತು. ರೋಗವೂ ಹೋಯಿತು. ಜನ ನೆನಪಿಟ್ಟುಕೊಂಡದ್ದು ಹೋದ ನೆರಳನ್ನು.

ನಮ್ಮದು ನೀರಿನ ಪ್ರಶ್ನೆ: ಬೇಗೆ ಏರಿದ ಹಾಗೆ ಸುರಂಗದ ನೀರು ಎಲ್ಲಿಗೆ ಹೋಗುತ್ತದೆ? ಸೇದಿದ್ದಕ್ಕಿಂತ ಇಳಿದದ್ದು ಯಾವಾಗಲೂ ಹೆಚ್ಚು. ಇದರ ಕೆಳಗೆ ಆರು ಜೋಡಿಗಳಿದ್ದೇವೆ. ವಿದ್ಯಾಲಯದಲ್ಲಿ ಇದೇ ದೊಡ್ಡ ಪ್ರಶ್ನೆ. ನನ್ನ ಗುರುವಿನ ಗುರುವೂ ಇದರ ನೆರಳಿನಲ್ಲೇ ಬದುಕಿದವರು. ಬಂಡೆಯ ಉಸಿರು, ಕಲ್ಲಿನ ಬಾಯಾರಿಕೆ ಎಂದು ನಾವು ಗಂಭೀರವಾದ ಹೆಸರುಗಳನ್ನು ಕಟ್ಟಿದ್ದೇವೆ, ಅವುಗಳ ಮೇಲೆ ವಾದ ಮಾಡಿದ್ದೇವೆ.

ಈ ಬೇಗೆಯಲ್ಲಿ ನನ್ನ ಜೋಡಿಯಾಗಿ ಬಂದವನು ಘಾಳೆಪ್ಪ. ಕನ್ನಡಿಹೊಲದ ಪಕ್ಕದ ಕೇರಿಯವನು. ಉದ್ದಕ್ಕೆ ಬೆಳೆದ ಹುಡುಗ, ಬಂದ ಮೊದಲ ವಾರವೆಲ್ಲ ಸುರಂಗದ ಚಾವಣಿಗೆ ತಲೆ ಬಡಿಸಿಕೊಂಡ. ಓದುವುದು ನಿಧಾನ, ನೋಡುವುದು ಚುರುಕು. ನಾನು ಏನಾದರೂ ಹೇಳಿದರೆ ‘ಹೌದ್ರಿ ಅಕ್ಕೋರ’ ಎಂದು ಒಪ್ಪಿಕೊಂಡು, ಆಮೇಲೆ ಅದು ಹೌದೋ ಅಲ್ಲವೋ ಎಂದು ತಾನೇ ಹೋಗಿ ನೋಡಿ ಬರುತ್ತಿದ್ದ. ಸುರಂಗದಲ್ಲಿ ಒಂದು ತಿರುವಿದೆ. ಅತ್ತ ಹೋಗಬಾರದು, ಹಾವಿದೆ ಎಂದು ನನ್ನ ಗುರು ಅಜೀಜಾಬೇಗಂ ನನಗೆ ಹೇಳಿದ್ದರು. ನಾನು ಹೋಗಿರಲಿಲ್ಲ. ಘಾಳೆಪ್ಪನಿಗೂ ಅದನ್ನೇ ಹೇಳಿದೆ. ‘ಹೌದ್ರಿ ಅಕ್ಕೋರ’ ಎಂದ. ಒಂದು ದಿನ ಸೊಂಟದವರೆಗೆ ಒದ್ದೆಯಾಗಿ ನಗುತ್ತ ಬಂದ. “ಹಾವ ಎಲ್ಲಿ ಅವರಿ ಅಕ್ಕೋರ? ತೂತ ಅದ. ನೋಡ್ ಬರ್ರಿ.”

ಹೋಗಿ ನೋಡಿದೆ. ಪಕ್ಕಕ್ಕೆ ಹೋಗುವ ಒಂದು ಹಳೆಯ ಕಾಲುವೆಯ ಬಾಯಿಯನ್ನು ಯಾವುದೋ ಕಾಲದಲ್ಲಿ ಗಾರೆಯಿಂದ ಮುಚ್ಚಿದ್ದರು. ಗಾರೆ ಕರಗಿ ಹೋಗಿತ್ತು. ನೀರು ಮುಂದಿನ ಕಂಡಿಗಳತ್ತ ಹೋಗದೆ ಅದರೊಳಗೆ ಸದ್ದಿಲ್ಲದೆ ನುಗ್ಗಿ ಯಾರಿಗೂ ಬೇಡದ ಬಂಡೆಗಳ ಕಣಿವೆಗೆ ಇಳಿಯುತ್ತಿತ್ತು. ಅಂಗೈ ಇಟ್ಟರೆ ಸೆಳೆತ ತಿಳಿಯುತ್ತಿತ್ತು. ಘಾಳೆಪ್ಪ ನೀರಿನ ಮೇಲೆ ಜೋಳದ ಹೊಟ್ಟು ಬಿಟ್ಟು ತೋರಿಸಿದ. ಹೊಟ್ಟು ತಿರುವಿನವರೆಗೆ ತೇಲಿ, ಒಂದು ಸುತ್ತು ಸುತ್ತಿ, ಒಳಗೆ ಹೋಯಿತು. ಇಷ್ಟೇ ಉತ್ತರ. ಗಾರೆ, ಕಲ್ಲು, ಇಬ್ಬರು ಕೆಲಸದವರು ಸಾಕು. ನಾನು, “ತೂತ ಅಂತ ಬರೀಲಿಕ್ಕ ಬರ್ತದೇನೋ, ಛಿದ್ರ ಅಂತ ಬರಿ” ಎಂದೆ. “ಛಿದ್ರ ಅಂತ ಬರದ್ರ ನೀರ ನಿಲ್ತದೇನ್ರಿ?” ಎಂದ. ಇಬ್ಬರೂ ನಕ್ಕೆವು. ಆ ತೂತಿಗೆ ಯಾರೋ ಒಂದು ಚಪ್ಪಡಿ ಒರಗಿಸಿದ್ದರು. ಘಾಳೆಪ್ಪ ಅದನ್ನು ಸರಿಸಿದ್ದರಿಂದಲೇ ಒಳಗಿನದು ಕಂಡದ್ದು. ಚಪ್ಪಡಿ ಉರುಳಿ ಬಿದ್ದದ್ದಲ್ಲ, ಇಟ್ಟದ್ದು. ಇಟ್ಟ ಕೈ ಯಾರದೆಂದು ನಾನು ಯೋಚಿಸದಿರಲು ನೋಡಿದೆ. ಹಿಂತಿರುಗುವಾಗ ಇಬ್ಬರ ನಗುವೂ ನಿಂತಿತ್ತು.

ಮರುದಿನ ಅವನು ತಲೆ ಬಗ್ಗಿಸಿಕೊಂಡು ಬಂದ. “ಅಕ್ಕೋರ, ಉತ್ತರ ಬ್ಯಾಡ್ರಿ,” ಎಂದ. “ಮುಂದಿನ ಬೇಗಿಗಿ ನಮ್ಮ ತಂಗಿ ಜಗದೇವಿ ಬರ್ತಾಳ. ಇದೇ ಪ್ರಶ್ನಿಗಿ ಆಕಿ ಹೆಸರು ಬಂದದ. ಈ ಸಲ ಹೊಲದಾಗ ಅದಾಳ್ರಿ. ಕೆಮ್ಮತಾಳ. ಇದೊಂದು ಬೇಗಿ ಹ್ಯಾಂಗರ ತಡಕೊಂತಾಳ, ಇನ್ನೊಂದು ತಡಿಯಂಗಿಲ್ಲ.” ಮೇಲಿನ ಕೇರಿಗಳಲ್ಲಿ ಈಗ ನೀರಿಲ್ಲ ಎಂದು ನಾನು ನೆನಪು ಮಾಡಿದೆ. “ಗೊತ್ತದರಿ. ನಮ್ಮ ಕೇರಿನೇ ಅದು,” ಎಂದ. ಆಮೇಲೆ, “ಅರ್ಧ ಮುಚ್ಚೋಣೇನ್ರಿ? ಮಂದಿಗಿ ಒಂದಿಷ್ಟು ನೀರ ಆಗ್ತದ, ಪ್ರಶ್ನಿನೂ ಉಳಿತದ” ಎಂದ. ಅರ್ಧ ಕಟ್ಟಿದ ಗಾರೆಯನ್ನು ಆ ಸೆಳೆತ ಒಂದು ವಾರವೂ ಉಳಿಸುವುದಿಲ್ಲವೆಂದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಕದ್ದು ಪೂರ್ತಿ ಮುಚ್ಚಿದರೆ ನೀರು ಏರುತ್ತದೆ, ಏರಿದರೆ ಪ್ರಶ್ನೆ ತಾನಾಗಿಯೇ ಮುಗಿಯುತ್ತದೆ. “ನೋಡೋಣ” ಎಂದೆ. ನನ್ನ ಗೂಡನ್ನು ಆ ಹುಡುಗಿಗೆ ಬಿಟ್ಟುಕೊಡಬಹುದೇ ಎಂದೂ ಯೋಚಿಸಿದೆ. ಪ್ರಶ್ನೆ ಹೋದರೆ ನನ್ನ ಪಾಲೂ ಹೋಗುತ್ತದೆ. ಕೊಡಲು ನನ್ನಲ್ಲಿ ಏನೂ ಉಳಿಯುವುದಿಲ್ಲ. ಹೇಳದಿರುವುದೇ ಸರಿ ಎಂದು ಅಂದು ನನಗೆ ಬಹುಮಟ್ಟಿಗೆ ಅನ್ನಿಸಿತ್ತು.

ಬೇಗೆಯ ಕೊನೆಯ ವಾರಗಳಲ್ಲಿ ಮೇಲಿನ ಹೆಂಗಸರು ಕಂಡಿಗಳ ಹತ್ತಿರ ಬಂದು ಕೊಡ ಇಳಿಸುವ ಮುಂಚೆ ಕೂಗಿ ಕೇಳುತ್ತಾರೆ. ಹಗ್ಗ ಎಳೆಯುವ ಶಕ್ತಿಯನ್ನೂ ಉಳಿಸಿಕೊಳ್ಳಬೇಕು. ಕಂಡಿಯ ಹತ್ತಿರ ಇರುವವರು ಉತ್ತರಿಸುವುದು ವಾಡಿಕೆ. ಅಂದು ನಾನಿದ್ದೆ. “ಕೆಳಗಿನವ್ರೇ, ನೀರ ಅದೇನ್ರಿ?” ಎಂದು ಒಂದು ಮುದಿ ದನಿ ಕೇಳಿತು. “ಇಲ್ಲವ್ವ” ಎಂದೆ. “ಇಲ್ಲಂದ್ರ ಇಲ್ಲ ಬಿಡ್ರಿ, ನೀವೇನ್ ಮಾಡ್ತೀರಿ,” ಎಂದಳು ಆಕೆ. ಖಾಲಿ ಕೊಡ ಕಲ್ಲಿಗೆ ತಾಗಿದ ಸದ್ದು ಕೇಳಿತು. ಎಷ್ಟೋ ಬೇಗೆಗಳಿಂದ ನಾನು ಈ ಉತ್ತರ ಕೊಡುತ್ತ ಬಂದಿದ್ದೇನೆ. ನೀರು ಎಲ್ಲಿ ಹೋಗುತ್ತಿದೆಯೆಂದು ಗೊತ್ತಿದ್ದೂ ಹೇಳಿದ್ದರಿಂದ ಅದು ಸುಳ್ಳಾದದ್ದು ಅಂದೇ ಮೊದಲು. ಆಕೆ ನಮ್ಮನ್ನು ಸಮಾಧಾನ ಮಾಡಿ ಹೋದಳು.

ಆದ್ದರಿಂದ ನಿರ್ಧರಿಸಿದ್ದೇನೆ. ನಾಳೆ ‘ಮುಚ್ಚುಸಭೆ’. ಬೇಗೆಯ ಕೊನೆಗೆ ಪ್ರತಿ ಜೋಡಿಯೂ ತಾನು ಕಂಡದ್ದನ್ನು ಕೇರಿಯವರ ಎದುರು ಓದುವ ಸಭೆ ಅದು. ತೂತಿನ ವಿಷಯ ಓದುತ್ತೇನೆ, ತೂತು ಎಂದೇ ಓದುತ್ತೇನೆ. ಸಂಜೆಯೊಳಗೆ ಗಾರೆ ಕಲಸುತ್ತಾರೆ. ಮಳೆ ತಡವಾದರೂ ಮೇಲಿನ ಕೇರಿಗಳಿಗೆ ನೀರು ಸಿಗುತ್ತದೆ. ನೀರು ಸಿಕ್ಕರೆ ಜಗದೇವಿ ಇನ್ನೊಂದು ಬೇಗೆಯನ್ನು ಹೊಲದಲ್ಲಿ ತಡೆದುಕೊಳ್ಳಬಹುದು. ಈ ‘ಬಹುದು’ ಎಷ್ಟು ಹಗುರವೆಂದು ನನಗೆ ಗೊತ್ತಿದೆ.

ಓದುವಾಗ ಜೋಡಿಯ ಎರಡೂ ಹೆಸರು ಹೇಳಬೇಕು. ನಾನು ಒಂದೇ ಹೇಳುತ್ತೇನೆ. ಇದನ್ನು ನಾನೊಬ್ಬಳೇ ಕಂಡೆ, ನನ್ನ ವಿದ್ಯಾರ್ಥಿ ಬೇಗೆಯೆಲ್ಲ ಸುಮ್ಮನೆ ಕುಳಿತಿದ್ದ ಎನ್ನುತ್ತೇನೆ. ಶಿಷ್ಯ ಕಂಡದ್ದನ್ನು ಗುರು ತನ್ನದೆಂದು ಹೇಳಿದರೆ ನಿಮ್ಮ ಕಾಲದಲ್ಲಿ ಅದಕ್ಕೆ ಕಳ್ಳತನ ಎನ್ನುತ್ತಿದ್ದರು. ನಮ್ಮಲ್ಲೂ ಅದಕ್ಕೆ ಬೇರೆ ಹೆಸರಿಲ್ಲ. ಸುಮ್ಮನೆ ಕುಳಿತವನನ್ನು ಮತ್ತೆ ಯಾವ ಜೋಡಿಗೂ ಕರೆಯುವುದಿಲ್ಲ. ಅವನು ಮತ್ತೆ ಏನನ್ನೂ ಕಂಡುಹಿಡಿಯಲಾರ. ಆದರೆ ಪ್ರಶ್ನೆ ಮುಚ್ಚಿದವನಾಗಿ ಅವನು ಆ ಕೇರಿಗೆ ಮರಳಲಾರ. ನನಗೆ ಮಕ್ಕಳಿಲ್ಲ, ಆ ಬೈಗುಳ ನನ್ನಲ್ಲೇ ನಿಲ್ಲುತ್ತದೆ.

ಹಿಂದಿನವರಿಗೆ ಬರೆದ ಕಾಗದವನ್ನು ಈಗಿನವರು ಓದಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅದಕ್ಕೆಂದೇ ನಿಮಗೆ ಬರೆದೆ. ಸುರಂಗದ ನೀರು ಎಲ್ಲಿಗೆ ಹೋಗುತ್ತದೆಂದು ಕಂಡುಹಿಡಿದವನು ಘಾಳೆಪ್ಪ. ನಾನಲ್ಲ. ನಿಮ್ಮ ಬಳಿ ಬರೆದಿಡುವ ಜಾಗವಿದ್ದರೆ ಬರೆದಿಡಿ. ನಿಮ್ಮಲ್ಲಿ ಯಾರಾದರೂ ಈಗ ಬೇಸಿಗೆಯ ವಿದ್ಯಾರ್ಥಿಗಳಿಗಾಗಿ ನಿಯಮ ಬರೆಯಲು ಕುಳಿತಿದ್ದರೆ ಅವರಲ್ಲಿ ಒಂದು ಬೇಡಿಕೆ: ವಿದ್ಯಾರ್ಥಿ ಎಂಬ ಕಾರಣಕ್ಕೇ ಅವನಿಗೆ ಜಾಗ ಕೊಡಿ, ಅವನ ಪ್ರಶ್ನೆ ಬದುಕಿರುವ ತನಕ ಎಂದು ಕೊಡಬೇಡಿ.

ಘಾಳೆಪ್ಪನಿಗೆ ನಾನು ಏನೂ ಹೇಳಿಲ್ಲ, ಸಭೆಗೆ ಮುಂಚೆ ಹೇಳುವುದೂ ಇಲ್ಲ. ಹೇಳಿದರೆ ಅವನು ನನ್ನನ್ನು ತಡೆಯುತ್ತಾನೆ, ಇಲ್ಲವೇ ಒಪ್ಪಿಕೊಂಡು ಸುಮ್ಮನಿರುತ್ತಾನೆ. ಎರಡೂ ಆಗಬಾರದು. ಎಲ್ಲರ ಜೊತೆಗೆ ಅವನೂ ಮೊದಲ ಸಲ ಕೇಳಬೇಕು, ತಂಗಿಯ ನೆರಳು ಕಳೆದಳೆಂದು ನನ್ನ ಮೇಲೆ ಹರಿಹಾಯಬೇಕು, ಕೇರಿಯವರು ಅದನ್ನು ನೋಡಬೇಕು. ಆ ಸಿಟ್ಟು ನಿಜವಾಗಿದ್ದರಷ್ಟೇ ಅವರು ನನ್ನ ಮಾತನ್ನು ನಂಬುತ್ತಾರೆ.