ಅವ್ವ ಕೊಡ ಹಿಡಿದು ಇಳಿದದ್ದು

ಮಂಗಳೂರು, ೧೮ ಏಪ್ರಿಲ್ ೨೦೦೫, ಸೋಮವಾರ

ಬೆಳಿಗ್ಗೆ ಟ್ಯಾಂಕರಿನ ಹಾರ್ನ್ ಕೇಳಿದ್ದೇ ತಡ, ಊರಿಂದ ಬಂದಿರುವ ಅವ್ವ ಎರಡು ಕೊಡ ಎತ್ತಿಕೊಂಡು ಕೆಳಗಿಳಿದುಬಿಟ್ಟಳು. ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡುವ ನಮ್ಮೂರು ಧರ್ಮಪುರದ ಅಭ್ಯಾಸ. ಇಲ್ಲಿ ನೀರು ನೇರ ಅಪಾರ್ಟ್‌ಮೆಂಟಿನ ನೆಲದಡಿಯ ಸಂಪ್‌ಗೆ ಹೋಗುತ್ತದೆ ಎಂದು ಹೇಳುವಷ್ಟರಲ್ಲಿ ಪೈಪಿಗೆ ಕೊಡ ಒಡ್ಡಿ ನಿಂತಿದ್ದಳು. ಬಾಲ್ಕನಿಗಳಿಂದ ಎಲ್ಲರೂ ನೋಡಿದರು. ನಾನು ಒಳಗೆ ಸರಿದೆ.

ಸುತ್ತ ಕಟ್ಟಡಗಳೆದ್ದ ಮೇಲೆ ನಮ್ಮ ಬಾವಿಯ ನೀರು ಉಪ್ಪಾಗಿದೆ. ಸಂಜೆಗೆ ಸಂಪೂ ಬರಿದು. ಅಡುಗೆಗೆ ಉಳಿದದ್ದು ಅವ್ವನ ಕೊಡಗಳೇ. ಎದುರು ಮನೆಯವರೂ ಚೆಂಬು ಹಿಡಿದು ಬಂದರು.

"ಸಮುದ್ರದ ಊರಾಗೂ ಟ್ಯಾಂಕರ್ ಐತೆ ಅಂದ್ರೆ ಯಾರು ನಂಬ್ತಾರೆ?" ಎಂದಳು ಅವ್ವ. ನನ್ನನ್ನು ಇಲ್ಲಿಗೆ ಕೊಟ್ಟದ್ದೇ ನೀರಿರುವ ಊರೆಂದು. ಈಗ ತಂಗಿ ಚೌಡಿಗೂ ಇಲ್ಲಿಯದೇ ಗಂಡು ಬಂದಿದೆ.

ಮಲಗುವಾಗ ಕೇಳಿದಳು, "ಚೌಡಿನೂ ಇಲ್ಲಿಗೇ ಕೊಡಾಣೇನೇ?"

ನಿನ್ನೆ ಹೂಂ ಅಂದಿದ್ದೆ. ಇವತ್ತು "ನಾಳೆ ಹೇಳ್ತೀನಿ" ಎಂದು ಎದ್ದು ಬಂದೆ. ಬೇಡವೆಂದರೆ ಚೌಡಿ ಊರಲ್ಲೇ ಕೊಡ ಹೊರಬೇಕು. ಅಲ್ಲಿ ನಾನು ಹೊರುವಾಗ ನಾಚಿಕೆಯಂತೂ ಇರಲಿಲ್ಲ. ಇವತ್ತು ನನಗೆ ನಾಚಿಕೆಯಾದದ್ದಾದರೂ ಯಾಕೆ?

ಅವ್ವ ಖಾಲಿ ಕೊಡಗಳನ್ನು ಬಾಗಿಲ ಬಳಿಯೇ ಇಟ್ಟುಕೊಂಡು ಮಲಗಿದ್ದಾಳೆ. ನಾಳೆ ಹಾರ್ನ್ ಕೇಳಿದರೆ ಅವಳನ್ನು ತಡೆಯಬೇಕೋ, ಒಂದು ಕೊಡ ನಾನೇ ಎತ್ತಿಕೊಂಡು ಅವಳ ಜೊತೆ ಇಳಿಯಬೇಕೋ?