ನನಗಿಂತ ಮೊದಲು ಹೋದ ನಾನು

ಚಿರಂಜೀವಿ ಅಕ್ಕನ ಮಗನಿಗೆ, ಟೈಲರ್ ಮಾವನ ಆಶೀರ್ವಾದ.

ತೆರಿಗೆ ರಿಟರ್ನ್ ಸಲ್ಲಿಸೋದರಲ್ಲಿ ಈ ಸಲವೂ ಬೀದಿಗೆ ನಾನೇ ಮೊದಲಿಗ ಅಂತ ಎದೆ ಉಬ್ಬಿಸಿಕೊಂಡು ಕಚೇರಿಗೆ ಹೋದೆ. ಅಲ್ಲಿನ ಹುಡುಗಿ ಕಂಪ್ಯೂಟರ್ ನೋಡಿ, "ಯಜಮಾನರೇ, ನೀವು ಆಗಲೇ ಸಲ್ಲಿಸಿ, ವಾಪಸ್ ಬರೋ ದುಡ್ಡನ್ನೂ ತಗೊಂಡಿದ್ದೀರಲ್ಲ!" ಅಂದಳು. ನನಗಿಂತ ಚುರುಕಾದ ನಾನು ಇನ್ನೊಬ್ಬ ಇದ್ದಾನೆ ಅಂತ ಅವತ್ತೇ ಗೊತ್ತಾಗಿದ್ದು.

"ನಿಮ್ಮ ತೆರಿಗೆ ನಂಬರ್ ಯಾರಿಗೆ ಗೊತ್ತು?" ಅಂದಳು. ಯಾರಿಗೆ ಗೊತ್ತಿಲ್ಲ! ಹಳ್ಳಿ ಶಾಲೆಯಲ್ಲಿ ಮಗ್ಗಿ ಉರು ಹೊಡೆದ ತಲೆ ಇದು. ಅಳತೆ ಕೊಡಲು ಬಂದವರಿಗೆಲ್ಲ ಆ ನಂಬರನ್ನು ಹಿಂದುಮುಂದಾಗಿ ಒಪ್ಪಿಸಿ ಬೀಗಿದ್ದೇನೆ. "ಮತ್ತೆ ಪಾಸ್‌ವರ್ಡ್?" ಅಂದಳು. ಅದನ್ನು ಹಾಕಿಕೊಟ್ಟವನು ನೀನೊಬ್ಬನೇ. ನಾನು ಸುಮ್ಮನೆ ಕೆಮ್ಮಿದೆ.

ಯಾರ ಮೇಲೆ ಅನುಮಾನ ಅಂತ ಸೋಮವಾರ ಬರೆದುಕೊಡಬೇಕಂತೆ. ಇಲ್ಲದಿದ್ದರೆ ಆ ದುಡ್ಡು ನನ್ನಿಂದಲೇ ವಸೂಲಿ.

ನಿಮ್ಮತ್ತೆಗೆ ಕಳ್ಳ ಯಾರೆಂದು ಹೇಳಿಲ್ಲ. ಬೆಳಗಾದರೆ ಒಲೆ ಮುಂದೆ ನಿಂತು, "ಆ ಹಾಳಾದವನ ಕೈ ಸೇದಿಹೋಗ" ಅಂತ ಶಪಿಸುತ್ತಾಳೆ. ನಿನಗೆ ತುತ್ತು ತಿನ್ನಿಸಿ ಬೆಳೆಸಿದವಳು ಅವಳು. "ಸಾಕು ಬಿಡೇ" ಅಂದರೆ, "ನಿಮಗ್ಯಾಕ್ರೀ ಅವನ ಮೇಲೆ ಅಷ್ಟು ಕನಿಕರ?" ಅಂತ ನನ್ನ ಮೇಲೇ ಹರಿಹಾಯುತ್ತಾಳೆ.

ಭಾನುವಾರ ಬಾ. ದುಡ್ಡು ಉಳಿದಿದ್ದರೆ ತಾ, ಇಲ್ಲದಿದ್ದರೆ ಬರಿಗೈಲೇ ಬಾ. ಅವಳಿಗೆ ನೀನೇ ಬಾಯಿಬಿಟ್ಟು ಹೇಳು. ಪಾಸ್‌ವರ್ಡ್ ಬದಲಾಯಿಸಿದ್ದೇನೆ, ಅದರ ಆಸೆ ಬಿಡು.

ಬರದಿದ್ದರೆ ಸೋಮವಾರ ನಿನ್ನ ಹೆಸರು ಬರೆಯುತ್ತೇನೆ. ನನ್ನ ಅಕ್ಷರ ಇವತ್ತಿಗೂ ಮುತ್ತು ಪೋಣಿಸಿದ ಹಾಗಿದೆ. ಯಾರೂ ತಪ್ಪಾಗಿ ಓದುವುದಿಲ್ಲ.

ಇಂತಿ,
ನಿನ್ನ ಮಾವ (ಅಸಲಿ)