ಗೊಂಬೆಗಳ ಬಿಳಿ ಅಂಗಿ

ಮನೆಯಿಂದ,
ತಾರೀಖು ೧೪, ಸೋಮವಾರ

ಮನೆಯವರಿಗೆ ನಿಮ್ಮವಳ ನಮಸ್ಕಾರಗಳು.

ದೇವರ ದಯೆಯಿಂದ ನಾನೂ ಅತ್ತೆಯವರೂ ಚೆನ್ನಾಗಿದ್ದೇವೆ. ನಿಮ್ಮ ಕೆಮ್ಮು ಹೇಗಿದೆ? ನೆಲ ತಣ್ಣಗಿದೆ ಅಂದಿದ್ದಿರಿ, ಬರೀ ಚಾಪೆಯ ಮೇಲೆ ಮಲಗಬೇಡಿ. ಮ್ಯೂಸಿಯಂನವರ ಅರಮನೆ ಮಾದರಿಗೆ ಬಣ್ಣ ಹಚ್ಚುವ ಕೆಲಸ ಎಲ್ಲಿಗೆ ಬಂತು? ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಗಟ್ಟಿಯಾಗಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ಫೋನು ಇರುವುದು ಮ್ಯಾನೇಜರ ಮೇಜಿನ ಮೇಲೆ, ಈ ಕಡೆ ನಾನು ಪಿಸುಗುಟ್ಟಿದರೂ ಆ ಕಡೆ ಕೋಣೆಗೆಲ್ಲ ಕೇಳುತ್ತದೆ. ಹೇಳಬೇಕಾದದ್ದು ಹತ್ತು ಜನರ ಕಿವಿಗೆ ಬೀಳುವಂಥದ್ದಲ್ಲ.

ಕಪಾಟಿನಲ್ಲಿರುವ ನಾನು ಮಾಡಿದ ಗೊಂಬೆಗಳ ಫೋಟೋ ಕಳಿಸು, ಅದನ್ನು ನೋಡಿ ಮುಂದಿನ ಕೆಲಸವನ್ನೂ ನನಗೇ ಕೊಡುತ್ತಾರೆ ಎಂದು ಹೇಳಿ ಹೋಗಿದ್ದಿರಲ್ಲ, ಅದಕ್ಕೆ ಸ್ಟುಡಿಯೋದವನ ಹತ್ತಿರ ಡಿಜಿಟಲ್ ಕ್ಯಾಮೆರಾ ಕೇಳಿ ತಂದೆ. ಕೊಡುವಾಗಲೇ ಅವನು, "ಅಕ್ಕಾ, ಇದು ನನ್ನ ಹೆಂಡತಿಗಿಂತ ನಾಜೂಕು, ಇದು ಬಿದ್ದರೆ ನಾನೂ ಬಿದ್ದ ಹಾಗೆ" ಅಂದ. ಮನೆಗೆ ತಂದವಳೇ ದೇವರ ಮುಂದೆ ಇಟ್ಟು ದೀಪ ಹಚ್ಚಿ, ಪರರ ಸೊತ್ತು, ನೀನೇ ಕಾಯಬೇಕು ಎಂದು ಬೇಡಿಕೊಂಡೆ. ಬೆಳಗಿನವರೆಗೂ ದೀಪದ ಪಕ್ಕದಲ್ಲೇ ಇತ್ತು.

ಬೆಳಿಗ್ಗೆ ಕಿಟಕಿಯ ಹತ್ತಿರ ಸ್ಟೂಲು, ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ, ಡಬ್ಬಿಯ ಮೇಲೆ ಕ್ಯಾಮೆರಾ ಇಟ್ಟೆ. ಹತ್ತಿರದ ವಸ್ತುವಿಗೆ ಹೂವಿನ ಗುರುತು ಒತ್ತಬೇಕು ಎಂದು ಅವನು ತೋರಿಸಿಕೊಟ್ಟಿದ್ದ. ಮೊದಮೊದಲು ಒತ್ತುವಾಗ ಡಬ್ಬಿ ಅಲುಗಿ ಗೊಂಬೆಗಳೆಲ್ಲ ಮಂಜಿನಲ್ಲಿ ನಿಂತ ಹಾಗೆ ಬಂದವು. ಉಸಿರು ಕಟ್ಟಿ ಒತ್ತಿದೆ. ಅತ್ತೆ ಮಂಚದ ಮೇಲಿಂದಲೇ, "ಬೆರಳುದ್ದದ ಗೊಂಬೆಗೆ ಇಷ್ಟು ಹೊತ್ತು ಬೇಕೇನೇ? ನನ್ನ ಮದುವೆ ಫೋಟೋ ಒಂದೇ ಸಲಕ್ಕೆ ಮುಗಿದಿತ್ತು" ಅಂದರು. "ಅದಕ್ಕೇ ಅದರಲ್ಲಿ ಮಾವನವರ ಕಣ್ಣು ಮುಚ್ಚಿದೆ" ಅಂದೆ. ಹಳೆಯ ಗೊಂಬೆಗಳು, ಹಾಲಿನವನು, ಕೊಡೆ ಹಿಡಿದ ಮೇಷ್ಟ್ರು, ಅಚ್ಚುಕಟ್ಟಾಗಿ ಬಂದವು. ಮೇಷ್ಟ್ರ ಅಂಗಿಯ ಗುಂಡಿ ಕೂಡ ಎಣಿಸಬಹುದಿತ್ತು. ಆಮೇಲೆ ಈ ವರ್ಷ ಮಾಡಿದವನ್ನು ನಿಲ್ಲಿಸಿದೆ. ಡಾಕ್ಟರ ಕೋಟು, ಬಿಳಿ ಕುದುರೆ, ಮದುವಣಗಿತ್ತಿಯ ಸೀರೆ, ಎಲ್ಲವೂ ಬಟ್ಟೆಗೆ ನೀಲಿ ಹೆಚ್ಚಾದ ಹಾಗೆ ಕಂಡವು.

ದೀಪದ ಹೊಗೆ ಒಳಗೆ ಹೋಗಿ ಕ್ಯಾಮೆರಾ ಕೆಟ್ಟಿತು ಅಂದುಕೊಂಡೆ. ಭಕ್ತಿ ಮಾಡಲು ಹೋಗಿ ಊರವರ ಸೊತ್ತು ಹಾಳು ಮಾಡಿದೆನಲ್ಲ ಎಂದು ಅಳುತ್ತಲೇ, ಗೊಂಬೆಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಸ್ಟುಡಿಯೋಗೆ ಓಡಿದೆ. ಅವನು ಬೈಯಲಿಲ್ಲ. ಹಳೆಯ ಹಾಲಿನವನನ್ನೂ ಹೊಸ ಡಾಕ್ಟರನ್ನೂ ಒಂದು ಬಿಳಿ ಹಾಳೆಯ ಮೇಲೆ ಪಕ್ಕಪಕ್ಕ ನಿಲ್ಲಿಸಿ ಒತ್ತಿದ. ಹಾಳೆ ಬಿಳಿ, ಹಾಲಿನವನ ಅಂಗಿ ಬಿಳಿ, ಡಾಕ್ಟರ ಕೋಟು ನೀಲಿ. "ಕ್ಯಾಮೆರಾಗೆ ಏನೂ ಆಗಿಲ್ಲ ಅಕ್ಕಾ. ಅಣ್ಣನೇ ನೀಲಿ ಜಾಸ್ತಿ ಹಾಕಿದ್ದಾರೆ" ಅಂದ. ಬಿಸಿಲಿಗೆ ಹಿಡಿದು ನೋಡಿದೆ, ನಿಜ. ದಿನಾ ಧೂಳು ಒರೆಸುವ ನನ್ನ ಕಣ್ಣಿಗೆ ಅದು ಒಗ್ಗಿಹೋಗಿತ್ತು.

ಆಮೇಲೆ ಒಂದೊಂದೇ ನೆನಪಾಯಿತು. ನಾನು ಒಗೆದ ಅಂಗಿ ಹಳದಿ ಎಂದು ನೀವು ಎಷ್ಟು ದಿನದಿಂದ ಜಗಳ ತೆಗೆಯುತ್ತಿದ್ದೀರಿ. ನಾನು ಸೋಪು ಬದಲಿಸಿದೆ, ನಲ್ಲಿ ನೀರನ್ನು ಬೈದೆ. ಹಾಲಿಗೆ ಅರಿಶಿನ ಹಾಕಿದ್ದೀಯಾ ಅಂದಿರಿ, ಮುಖ ತಿರುಗಿಸಿಕೊಂಡು ಹೋದೆ. ಅತ್ತೆಯ ಕಣ್ಣಿಗೆ ಪೊರೆ ಬಂದಾಗ ಅವರೂ ಸುಣ್ಣ ಬಳಿದ ಗೋಡೆಯನ್ನು ಹಳದಿ ಅಂತಿದ್ದರಲ್ಲ. ನಿಮಗೂ ಬಿಳಿ ಹಳದಿಯಾಗಿ ಕಾಣುತ್ತಿದೆ, ಅದನ್ನು ತಿದ್ದಲು ನೀವು ನೀಲಿ ಬೆರೆಸುತ್ತಿದ್ದೀರಿ. ಬಣ್ಣದ ವಿಷಯ ನನಗೆ ಕಲಿಸಬೇಡ ಅನ್ನುತ್ತೀರಿ. ಅನ್ನಿ, ಆದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ತೆಗೆಸಿದರೆ ಹೋಗುವಂಥದ್ದು. ಅತ್ತೆ ಈಗ ಮಂಚದಲ್ಲಿ ಕೂತೇ ನನ್ನ ನರೆಗೂದಲು ಎಣಿಸುತ್ತಾರೆ.

ಹಳೆಯವನ್ನಷ್ಟೇ ಕಳಿಸಿದರೆ ಮೋಸ, ಹೊಸವನ್ನು ಕಳಿಸಿದರೆ ನಿಮ್ಮ ಹೆಸರು ಹೋಗುತ್ತದೆ. ಅದಕ್ಕೇ ಯಾವುದನ್ನೂ ಕಳಿಸಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆಯವರು ತಮ್ಮ ಆಶೀರ್ವಾದ ಬರೆಯಲು ಹೇಳಿದ್ದಾರೆ, ಅವರಿಗೆ ಇದಾವುದೂ ಗೊತ್ತಿಲ್ಲ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಇನ್ನೊಬ್ಬರ ಕೈಲಿ ಓದಿಸಬೇಡಿ. ಆ ಭಗವಂತ ನಿಮ್ಮ ಕೈ ಬಿಡದಿರಲಿ.

ಇಂತಿ,
ನಿಮ್ಮ ಮನೆಯವಳು

ಮತ್ತೊಂದು ಮಾತು. ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅರಮನೆಯ ಗೋಡೆಗಳೆಲ್ಲ ಬಿಳಿ, ಕೊನೆಯ ಬಣ್ಣ ಈ ವಾರವೇ ಅಂದಿದ್ದಿರಿ. ದಯವಿಟ್ಟು ನೀವು ಬೆರೆಸಬೇಡಿ. ಡಬ್ಬಿಯಲ್ಲಿ ಹೇಗಿದೆಯೋ ಹಾಗೇ ಹಚ್ಚಿ, ಹಳದಿ ಕಂಡರೂ ಕೈ ತಡೆಯಿರಿ. ಟಪಾಲಿನಲ್ಲಿ ಹಾಕಿದರೆ ತಡವಾಗುತ್ತದೆ ಎಂದು ಬಸ್ಸಿನ ಡ್ರೈವರ್ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಅಷ್ಟರಲ್ಲಿ ಹಚ್ಚಿ ಆಗಿದ್ದರೆ ಮೇಲೆ ಒಂದು ಬಟ್ಟೆ ಹೊದಿಸಿ, ಯಾರಾದರೂ ಕೇಳಿದರೆ ಧೂಳು ಬೀಳುತ್ತದೆ ಅನ್ನಿ, ಅದೇನೂ ಸುಳ್ಳಲ್ಲ. ಅತ್ತೆಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಬಟ್ಟೆಯನ್ನು ನಾನು ಬಂದು ತೆಗೆಯುತ್ತೇನೆ.